ಸೆರಗಿನ ಲೆಕ್ಕ

ಗುರುವಾರ ರಾತ್ರಿ ಒಂಬತ್ತಕ್ಕ ಕಂತು ಬರತದ.
ಎಂಟೂವರಿಗೇ ನಾವು ನಾಲ್ಕು ಮಂದಿ
ಪ್ರೆಸ್ಸಿನ ಹಿಂದಿನ ಖೋಲ್ಯಾಗ ಅಂಟಿನ ಡಬ್ಬಿ ಮುಚ್ಚಿ,
ಬೆರಳು ವೇಲಿಗೆ ಒರಸಿಕೊಂಡು,
ನೀಲಗಂಗಾನ ಫೋನಿನ ಸುತ್ತ
ಥಂಡಿಗೆ ಒಲಿ ಮುಂದ ಕೂತಂಗ ಕೂಡತೀವಿ.
ಪರದಿ ಒಡದದ. ಮೂಲಿಯಿಂದ ಮೂಲಿಗೆ ಒಂದು ಗೆರಿ.
ಕ್ವಾಟಿ ಗೋಡಿ ಆ ಗೆರಿಯಿಂದ್ಲೇ ಬಿರೀತದ ಅನಸತದ.

ನಲವತ್ತೊಂದನೇ ಕಂತಿನೊಳಗ ಬುರುಜು ಬಿತ್ತು.
ಸಿದರಾಯನ ಮ್ಯಾಲೆ ಬಿತ್ತು.
ಮದ್ದಿನ ಚೀಲ ಹೊರಾಂವ, ಸರದಾರಲ್ಲ, ರಾಜನಲ್ಲ,
ಕಿವ್ಯಾಗ ಬರೇ ಒಂದು ಹಿತ್ತಾಳಿ ಒಂಟಿ,
ಅಂಥಾವನ್ನ ನಾವು ನಲವತ್ತು ವಾರ ಸಾಕಿದ್ವಿ.
ಕಡೀ ಚಿತ್ರದಾಗ ಧೂಳು. ಧೂಳಿನಾಗ ಒಂದು ಕೈ.
ಕೆಳಗ ಸಣ್ಣ ಅಕ್ಷರದಾಗ: ಮುಂದುವರಿಯುವುದು.

ಶಮಶಾದ ಅವತ್ತ ಉಣಲಿಲ್ಲ.
ಯಾರು ಸತ್ತರ್ಬೇ, ಅಂತ ಅವರವ್ವ ಕೇಳಿದ್ಲಂತ.
ಏನು ಹೇಳಬೇಕು?
ಹಲ್ಲುನೋವು ಅಂದ್ಲಂತ.
ನೀಲಗಂಗಾ ಚಿತ್ರ ಬರಿಯಾಕಿಗೆ ಎರಡು ಪುಟ ಬರದ್ಲು,
ನಿನ್ನ ಕೈ ಸೇದಿ ಹೋಗಲಿ ಅಂತ ಸುರು ಮಾಡಿ
ಅಕ್ಕಾ, ಅವನ್ನ ಉಳಸು ಅಂತ ಮುಗಿಸಿ,
ಕಳಸಲಿಲ್ಲ.
ನಾನು?
ಏಳನೇ ಇಯತ್ತೆ ವಿಜ್ಞಾನದ ನಡುವ
ಯಾರದೋ ಲಗ್ನಪತ್ರಿಕಿ ಸೇರಿಸಿ ಹೊಲದೆ.
ಎಲುವಿನ ಹಂದರದ ಬಾಜೂಕ ಗಣಪತಿ.
ನೂರಾ ಹದಿನಾರು ಪ್ರತಿ. ಸಾವಕಾರ್ರು ಪಗಾರ ಹಿಡದ್ರು.

ಆಮ್ಯಾಲೆ ಎರಡು ವಾರ ಬರೇ ಲಡಾಯಿ.
ಕುದರಿ, ಹೊಗಿ, ಯಾವನದೋ ಮೀಸಿ.
ಗುಣವಂತಿ ಮಾತ್ರ ಅಲ್ಲೊಂದು ಇಲ್ಲೊಂದು ಚಿತ್ರದಾಗ,
ದೂರದಾಗ, ಬೆನ್ನು ಹಾಕಿ, ಕೊಡ ಹೊತಗೊಂಡು ಹೊಂಟಾಕಿ.
ಅಳಲೇ ಇಲ್ಲ ನೋಡ ಅಕಿ, ಅಂದ್ಲು ಶಮಶಾದ,
ಕಲ್ಲೆದಿಯಾಕಿ, ಇಂಥಾಕಿಗೆ ಅಂವ ಯಾಕ ಮನಸು ಕೊಟ್ಟ?
ನೀಲಗಂಗಾ ಕತ್ತರಿ ಎತ್ತೇ ಬಿಟ್ಲು.
ಒಂದು ದಿನ ಇಬ್ಬರದೂ ಮಾತಿಲ್ಲ.
ನಡುವ ಕೂತು ಹಾಳಿ ಮಡಚಿ ಮಡಚಿ
ನನ್ನ ಉಗುರು ಸವದ್ವು.

ನಾಲ್ಕನೇಯಾಕಿ ತುಳಜಾಬಾಯಿ.
ಓದು ಬರೂದಿಲ್ಲ. ನಾವು ಓದಿದ್ದು ಕೇಳತಾಳ,
ಚಷ್ಮಾ ಹಣಿಗೆ ಏರಿಸಿ ಚಿತ್ರ ನೋಡತಾಳ.
ಬೆಟಗೇರಿಯೊಳಗ ಕುಣಿಮಗ್ಗಕ್ಕ ಕಾಲು ಇಳಿಬಿಟ್ಟು
ಮೂವತ್ತೆಂಟು ವರ್ಷ ಸೀರಿ ನೇದಾಕಿ.
ಮಗ್ಗ ಮಾರಿದ ಮ್ಯಾಲೆ ನಮ್ಮ ಜೋಡಿ ಅಂಟು ಹಚ್ಚತಾಳ.
ಕಂತು ಮುಗದ ಮ್ಯಾಲೆ ಯಾವತ್ತೂ ಏನೂ ಅಂದಾಕಿ ಅಲ್ಲ.
ಅವತ್ತ ಅಂದ್ಲು: ಹಿಂದ ಸರಸು. ಇನ್ನೂ ಹಿಂದ.
ಬುರುಜು ಬೀಳೂಕಿಂತ ಮೊದಲ.
ಹಾಂ. ಸೆರಗು ದೊಡ್ಡದು ಮಾಡು.

ಎರಡು ಬೆರಳಿಲೆ ಅಗಲ ಮಾಡಿದ್ವಿ. ತೋಪತೆನಿ ಸೆರಗು.
ಪಟ್ಟಿ ಎಣಸು.
ಮೂರು ಕೆಂಪು, ನಡುವ ಎರಡು ಬಿಳಿ. ಐದು.
ಈಗ ಕೊಡ ಹೊತ್ತಾಕಿ ಕಡೆ ಬಾ. ಎಣಸು.
ಎರಡು ಕೆಂಪು, ಒಂದು ಬಿಳಿ.
ಮತ್ತ ಎಣಿಸಿದ್ವಿ. ಮೂರೇ.
ತುದಿಗೆ ಎಳಿ ಬಿಚ್ಚಿ ಜೋತಾಡತಾವ.
"ಹರದಾಳ," ಅಂದ್ಲು ತುಳಜಾಬಾಯಿ, "ಒಂದೂವರಿ ಗೇಣು.
ಸತ್ತಾವಗ ಆದ್ರ ಇಡೀ ಸೀರಿ ಹೊಚ್ಚತಾರ.
ತುಂಡು ಹರಿಯೂದು ಗಾಯಕ್ಕ."

ಶಮಶಾದ ಚೀರಿದ ಚೀರಿಗೆ
ಕಟಿಂಗ್ ಮಶೀನಿನಾಗ ಬೆರಳು ಹೋತು ಅಂತ ತಿಳದು
ಈರಣ್ಣ ಹರಕು ಬಟ್ಟಿ ತಗೊಂಡು ಓಡಿ ಬಂದ.
ಬರಿಯಾಕಿ ಮರತಿರಬೇಕು, ಅಂದ್ಲು ನೀಲಗಂಗಾ,
ನಂಬಾಕ ಹೆದರಿ.
"ಪಟ್ಟಿ ಮರೀಬಹುದು," ಅಂದ್ಲು ಮುದುಕಿ,
"ಬಿಚ್ಚಿದ ಎಳಿ ಒಂದೊಂದು ಮರತು ಬರಿಯಾಕ ಆಗತದೇನು?"

ಇವತ್ತ ಗುರುವಾರ.
ಒಂಬತ್ತಾತು. ಗೋಲ ತಿರುಗೇ ತಿರುಗತು.
ಕ್ವಾಟಿ ಇಲ್ಲ, ಕುದರಿ ಇಲ್ಲ. ಬಿಳೀ ಹಾಳಿ ಮ್ಯಾಲೆ ಒಂದು ಸಾಲು:
ಮಣಿಕಟ್ಟು ನೋವು. ಈ ವಾರ ಕಂತು ಇಲ್ಲ. ಕ್ಷಮೆ ಇರಲಿ.

ನೀಲಗಂಗಾನ ಮಾರಿ ಬೆಳ್ಳಗಾತು.
ನಾ ಕಳಿಸೇ ಇಲ್ಲಲ್ಲ, ಅಂದ್ಲು. ಮೂರು ಸಲ ಅಂದ್ಲು.
ಹುಡುಕಿ ಆ ಎರಡೂ ಪುಟ ಅಳಿಸಿದ್ಲು.

ಇರಲಿ ಬಿಡು, ಅಂದ್ಲು ತುಳಜಾಬಾಯಿ,
ಮಾಯಾಕ ಒಂದು ವಾರರ ಬೇಕು.
ಅಂಟಿನ ಡಬ್ಬಿ ಮುಚ್ಚಳ ತಗದ್ಲು.